ಓಡುವವರಿಗೆ ಸೈಕಲ್ ಬೇಡ ಅಂದವರು ಯಾರು?

ಬಿಳಿಚೋಡಿನಿಂದ ನಸುಕಿನಲ್ಲಿ ಯಾವ ಕಡೆಗಾದರೂ ಹೊರಡಿ, ರಸ್ತೆ ಬದಿಯಲ್ಲಿ ಓಡುವ ಹುಡುಗರು ಸಿಕ್ಕೇ ಸಿಗುತ್ತಾರೆ. ಒಬ್ಬ ಪೊಲೀಸ್ ಆಗಬೇಕು, ಇನ್ನೊಬ್ಬ ಅಗ್ನಿವೀರ, ಮತ್ತೊಬ್ಬನಿಗೆ ಬೆಂಗಳೂರಿನ ಟೆನ್‌ಕೆ ಓಡುವ ಆಸೆ. ಎಲ್ಲರಿಗೂ ಹೇಳಿಕೊಟ್ಟಿರುವ ಮಂತ್ರ ಮಾತ್ರ ಒಂದೇ. ದಿನಾ ಓಡು, ಜೋರಾಗಿ ಓಡು, ಬೇರೇನೂ ಮಾಡಬೇಡ. ಸೈಕಲ್ ತುಳಿದರೆ ತೊಡೆ ದಪ್ಪ ಆಗಿ ಓಟ ಕೆಡುತ್ತದೆ, ಈಜಿದರೆ ಮೈ ಸಡಿಲ ಆಗುತ್ತದೆ.

ಈ ಮಂತ್ರ ಸುಳ್ಳು. ಇದನ್ನು ನಂಬಿ ನಮ್ಮ ಹುಡುಗರು ಮೊಣಕಾಲು, ಮೀನಖಂಡ, ಕಾಲಿನ ಮೂಳೆ ಹಾಳು ಮಾಡಿಕೊಳ್ಳುತ್ತಿದ್ದಾರೆ. ದೈಹಿಕ ಪರೀಕ್ಷೆಯ ದಿನ ಬರುವ ಹೊತ್ತಿಗೆ ಅರ್ಧ ಜನ ಮುಲಾಮು ಹಚ್ಚಿಕೊಂಡು ಕೂತಿರುತ್ತಾರೆ. ವಯಸ್ಸಿನ ಮಿತಿ ಇರುವ ಕೆಲಸಕ್ಕೆ ಒಂದು ವರ್ಷ ಕಳೆದುಕೊಂಡರೆ ಅದು ಬರೀ ಕಾಲುನೋವಲ್ಲ.

ಟ್ರಯಥ್ಲಾನ್ ಎಂಬ ಹೆಸರು ನಮ್ಮ ಹಳ್ಳಿಯ ಮೊಬೈಲುಗಳಿಗೂ ಬಂದಿದೆ. ಮೊದಲು ಈಜು, ಆಮೇಲೆ ಸೈಕಲ್, ಕೊನೆಗೆ ಓಟ, ಮೂರೂ ಒಂದರ ಹಿಂದೆ ಒಂದು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿ ಇದನ್ನು ಸೇರಿಸಿದರು. ಅಲ್ಲಿನ ದೂರ ಒಂದೂವರೆ ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ಐರನ್‌ಮ್ಯಾನ್ ಅನ್ನುವುದು ಅದರ ದೊಡ್ಡಣ್ಣ: 3.8 ಕಿ.ಮೀ. ಈಜಿ, 180 ಕಿ.ಮೀ. ತುಳಿದು, ಆಮೇಲೆ ಪೂರ್ತಿ ಮ್ಯಾರಥಾನ್. 1978ರಲ್ಲಿ ಹವಾಯಿ ದ್ವೀಪದಲ್ಲಿ ಇದು ಶುರುವಾಗಿದ್ದೇ ಒಂದು ಹರಟೆಯಿಂದ. ಓಡುವವ ಗಟ್ಟಿಯೋ, ಈಜುವವ ಗಟ್ಟಿಯೋ, ಸೈಕಲ್‌ನವ ಗಟ್ಟಿಯೋ ಎಂದು ವಾದ ಎದ್ದಿತ್ತು. ಹದಿನೈದು ಜನ ಹೊರಟರು, ಹನ್ನೆರಡು ಜನ ಮುಗಿಸಿದರು. ನಮ್ಮ ಅರಳಿಕಟ್ಟೆಯಲ್ಲೂ ಇಂಥ ವಾದ ಆಗುತ್ತವೆ, ಆದರೆ ಯಾರೂ ಎದ್ದು ಓಡುವುದಿಲ್ಲ.

2024ರ ಅಕ್ಟೋಬರ್‌ನಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಗೋವಾದಲ್ಲಿ ಇದರ ಅರ್ಧ ದೂರದ ಸ್ಪರ್ಧೆ ಮುಗಿಸಿದರು. ಟಿವಿ, ಮೊಬೈಲ್ ಎಲ್ಲ ಕಡೆ ಬಂತು. ಅವರನ್ನು ಹೊಗಳಿದವರೂ ಇದ್ದರು, ಬೈದವರೂ ಇದ್ದರು. ಅವರ ರಾಜಕೀಯ ಇಲ್ಲಿ ಬೇಡ. ನನ್ನ ತಕರಾರು ಅದನ್ನು ನೋಡಿದ ನಮ್ಮವರ ಬಗ್ಗೆ. "ಅದು ಬೆಂಗಳೂರಿನವರ ಆಟ, ಲಕ್ಷ ರೂಪಾಯಿ ಸೈಕಲ್ ಬೇಕು, ಈಜುಕೊಳ ಬೇಕು, ನಮಗ್ಯಾಕೆ" ಎಂದು ಫೋನ್ ಜೇಬಿಗೆ ಹಾಕಿಕೊಂಡರು. ಸ್ಪರ್ಧೆ ದುಬಾರಿ, ಒಪ್ಪುತ್ತೇನೆ. ಆದರೆ ಆ ತರಬೇತಿಯ ಒಳಗಿನ ಬುದ್ಧಿ ದುಬಾರಿ ಅಲ್ಲ. ಅದನ್ನು ಎತ್ತಿಕೊಳ್ಳಲು ಫೀಸು ಕಟ್ಟಬೇಕಿಲ್ಲ.

ಆ ಬುದ್ಧಿ ಇಷ್ಟೇ. ಗುಂಡಿಗೆಗೆ, ಶ್ವಾಸಕೋಶಕ್ಕೆ ನೀವು ಓಡುತ್ತಿದ್ದೀರೋ ತುಳಿಯುತ್ತಿದ್ದೀರೋ ಎಂಬುದರ ಭೇದ ಅಷ್ಟಾಗಿ ಗೊತ್ತಾಗುವುದಿಲ್ಲ. ಅವಕ್ಕೆ ಕೆಲಸ ಸಿಕ್ಕರೆ ಗಟ್ಟಿಯಾಗುತ್ತವೆ. ಮೂಳೆಗೆ ಮಾತ್ರ ಆ ಭೇದ ಗೊತ್ತು. ಓಡುವಾಗ ಪ್ರತಿ ಹೆಜ್ಜೆಗೂ ಮೈತೂಕದ ಎರಡು ಮೂರು ಪಟ್ಟು ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ. ಟಾರು ರೋಡು, ಅಟ್ಟೆ ಸವೆದ ಶೂ, ಅರ್ಜಿ ಕರೆದ ಮಾರನೇ ದಿನದಿಂದಲೇ ದಿನಕ್ಕೆ ಎಂಟು ಹತ್ತು ಕಿ.ಮೀ. ಎಂಥ ಮೂಳೆಯಾದರೂ ಹೇಗೆ ತಡೆದೀತು? ಸೈಕಲ್ ಮೇಲೆ ಆ ಬಡಿತ ಇಲ್ಲ. ಉಸಿರಿಗೆ ಕೆಲಸ ಸಿಗುತ್ತದೆ, ಮೂಳೆಗೆ ರಜೆ ಸಿಗುತ್ತದೆ.

ಕಾಲಿನ ಮುಂದಿನ ಮೂಳೆ ಉದ್ದಕ್ಕೂ ಸಣ್ಣಗೆ ನೋಯುತ್ತಿದ್ದರೆ ಓಟ ಕಡಿಮೆ ಮಾಡಿ. ಬೆರಳಿಟ್ಟು ಒತ್ತಿದಾಗ ಒಂದೇ ಜಾಗದಲ್ಲಿ ಚುಚ್ಚಿದಂತೆ ನೋವು, ರಾತ್ರಿ ಮಲಗಿದರೂ ನೋವು ಎಂದರೆ ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿರಬಹುದು. ಓಟ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. "ಓಡ್ತಾ ಓಡ್ತಾ ಹೋಗುತ್ತೆ" ಎನ್ನುವ ಅಣ್ಣಂದಿರ ಮಾತು ಕೇಳಬೇಡಿ, ಕಾಲು ಅವರದ್ದಲ್ಲ.

ತೊಡೆ ದಪ್ಪ ಆಗುತ್ತದೆ ಎನ್ನುವವರು ಅಲೆಕ್ಸ್ ಯೀ ಎಂಬ ಇಂಗ್ಲೆಂಡಿನ ಹುಡುಗನನ್ನು ನೋಡಲಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಟ್ರಯಥ್ಲಾನ್ ಚಿನ್ನ ಗೆದ್ದ. ಮರುವರ್ಷ ಏಪ್ರಿಲ್‌ನಲ್ಲಿ ಲಂಡನ್ ಮ್ಯಾರಥಾನ್‌ಗೆ ಬಂದು 42 ಕಿ.ಮೀ. ಅನ್ನು 2 ಗಂಟೆ 11 ನಿಮಿಷದಲ್ಲಿ ಓಡಿದ. ಎಲ್ಲಿ ಹೋಯಿತು ತೊಡೆಯ ಭಾರ? ಹಾಗೆಂದು ಸೈಕಲ್ ತುಳಿದೇ ಅವನು ಓಟಗಾರನಾದ ಎಂದು ನಾನು ಬುರುಡೆ ಬಿಡುವುದಿಲ್ಲ. ಅವನು ಮೊದಲಿನಿಂದಲೂ ಒಳ್ಳೆಯ ಓಟಗಾರ, 2018ರಲ್ಲೇ ಹತ್ತು ಸಾವಿರ ಮೀಟರ್‌ನಲ್ಲಿ ಬ್ರಿಟನ್ನಿನ ಚಾಂಪಿಯನ್ ಆಗಿದ್ದವ. ಸೈಕಲ್ಲೂ ಈಜೂ ಆ ಓಟವನ್ನು ಕೆಡಿಸಲಿಲ್ಲ, ನನಗೆ ಬೇಕಾದ ಸಾಕ್ಷಿ ಅಷ್ಟೇ.

ಇನ್ನೊಂದು ತುದಿಯ ಹುಚ್ಚೂ ಇದೆ. ರೀಲ್ಸ್ ನೋಡಿ ವಾರವೆಲ್ಲ ಸೈಕಲ್ ತುಳಿದು ಭಾನುವಾರ ಒಂದು ಸಲ ಓಡಿ, ಟೈಮಿಂಗ್ ಬರಲಿಲ್ಲ ಎಂದು ಅಳುವವರು. ಬರುವುದಿಲ್ಲ. ಓಟದ ವೇಗ ಓಡಿಯೇ ಬರಬೇಕು. ಲೆಕ್ಕ ಹಾಕಿ ನೋಡಿ. ನಮ್ಮ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಗಂಡು ಹುಡುಗರಿಗೆ 1600 ಮೀಟರ್, ಆರೂವರೆ ನಿಮಿಷ. 400 ಮೀಟರ್ ಟ್ರ್ಯಾಕಿನ ನಾಲ್ಕು ಸುತ್ತು, ಸುತ್ತಿಗೆ 97 ಸೆಕೆಂಡು ಚಿಲ್ಲರೆ. ಸೇನೆಯ ರ‍್ಯಾಲಿಯಲ್ಲಿ ಪೂರ್ತಿ 60 ಅಂಕ ಬೇಕಾದರೆ ಇದೇ ದೂರಕ್ಕೆ ಐದೂವರೆ ನಿಮಿಷ, ಅಂದರೆ ಸುತ್ತಿಗೆ 82 ಸೆಕೆಂಡು. ಆ ವೇಗ ಕಾಲಿಗೆ ರೂಢಿ ಆಗಬೇಕಾದರೆ ವಾರಕ್ಕೆ ಎರಡು ದಿನ ಅಳತೆ ಮಾಡಿದ ಜಾಗದಲ್ಲಿ ಕೈಯಲ್ಲಿ ಗಡಿಯಾರ ಹಿಡಿದೇ ಓಡಬೇಕು. ಇನ್ನೊಂದು ದಿನ ಜೊತೆಗಾರನ ಹತ್ತಿರ ಮಾತಾಡಿಕೊಂಡು ಓಡುವಷ್ಟು ನಿಧಾನವಾಗಿ ಉದ್ದದ ಓಟ. ಉಳಿದ ದಿನಗಳಲ್ಲಿ ಎರಡನ್ನು ಸೈಕಲ್‌ಗೆ ಬಿಡಿ, ಒಂದು ದಿನ ಸುಮ್ಮನಿರಿ. ಸುಮ್ಮನಿರುವುದೂ ತರಬೇತಿಯೇ, ನಮ್ಮ ಕೋಚಿಂಗ್ ಗುರುಗಳು ಇದನ್ನು ಮಾತ್ರ ಒಪ್ಪುವುದಿಲ್ಲ. ಓಟದ ಒಂದು ಕಿ.ಮೀ.ಗೆ ಸೈಕಲ್‌ನ ಮೂರು ಕಿ.ಮೀ. ಎಂಬುದು ಒರಟು ಅಂದಾಜು. ಆರು ಕಿ.ಮೀ. ಓಡುವ ದಿನ ಓಡದೆ ಹದಿನೆಂಟು ಕಿ.ಮೀ. ತುಳಿದರೆ ಸಾಕು.

ಗೇರ್ ಇಲ್ಲದ ಭಾರದ ಸೈಕಲ್ ಆದರೂ ನಡೆಯುತ್ತದೆ. ಆಷಾಢದಲ್ಲಿ ನಮ್ಮ ತಾಲ್ಲೂಕಿನ ಗಾಳಿಗೆ ಎದುರಾಗಿ ಅದನ್ನು ತುಳಿದವರಿಗೆ ಬೇರೆ ಜಿಮ್ ಬೇಡ. ಇಲ್ಲಿನ ಗುಡ್ಡಗಳ ಮೇಲೆ ವಿದ್ಯುತ್ ಕಂಪನಿಗಳು ಪುಕ್ಕಟೆಯಾಗಿ ಫ್ಯಾನ್ ನಿಲ್ಲಿಸಿಲ್ಲ. ಆದರೆ ಸೀಟು ಸರಿ ಮಾಡಿಕೊಳ್ಳಿ. ನಮ್ಮೂರ ಹುಡುಗರ ಸೈಕಲ್ ಸೀಟು ಯಾವಾಗಲೂ ತಗ್ಗು, ಮಂಡಿ ಎದೆಗೆ ಬಡಿಯುತ್ತಿರುತ್ತದೆ. ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೇರ ಆಗಬೇಕು. ಅಷ್ಟು ಎತ್ತರ ಮಾಡಿ, ಆಮೇಲೆ ಮುಂಗಾಲಿನಲ್ಲಿ ತುಳಿಯಿರಿ. ಅರ್ಧ ಮಂಡಿನೋವು ಅಲ್ಲೇ ಹೋಗುತ್ತದೆ. ಮೆಕ್ಕೆಜೋಳದ ಲಾರಿ ಓಡಾಡುವ ರಸ್ತೆ ನಮ್ಮದು, ಹಿಂದೆ ಒಂದು ಕೆಂಪು ರಿಫ್ಲೆಕ್ಟರ್ ಇರಲೇಬೇಕು.

ಈಗ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಆ ಸೈಕಲ್ ಎಲ್ಲಿದೆ? 2006-07ರಿಂದ ಸರ್ಕಾರಿ, ಅನುದಾನಿತ ಶಾಲೆಗಳ ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡುತ್ತಿತ್ತು. ಕೊರೊನಾ ಬಂದಾಗ ನಿಂತಿತು. ಆಮೇಲೆ ಬಸ್ ಶುರುವಾಯಿತು, ಶಾಲೆ ಶುರುವಾಯಿತು, ಜಾತ್ರೆ, ಚುನಾವಣೆ ಎಲ್ಲವೂ ಶುರುವಾದವು. ಸೈಕಲ್ ಮಾತ್ರ ಕೊರೊನಾ ರಜೆಯಲ್ಲೇ ಉಳಿಯಿತು. ಬೆಲ್ಲು ಬಾರಿಸುವುದಿಲ್ಲ, ಬ್ರೇಕು ಹಿಡಿಯುವುದಿಲ್ಲ ಎಂದು ಆ ಸೈಕಲ್ ಬಗ್ಗೆ ನಾವೆಲ್ಲ ನಕ್ಕಿದ್ದೇವೆ. ಈಗ ಅದೂ ಇಲ್ಲ.

ಇದರ ಪೆಟ್ಟು ಹೆಚ್ಚು ಬೀಳುವುದು ಹೆಣ್ಣುಮಕ್ಕಳಿಗೆ. ಪೊಲೀಸ್ ಪರೀಕ್ಷೆಯಲ್ಲಿ ಅವರು 400 ಮೀಟರ್ ಅನ್ನು ಎರಡು ನಿಮಿಷದಲ್ಲಿ ಓಡಬೇಕು. ದೊಡ್ಡ ಗುರಿಯಲ್ಲ. ಆದರೆ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ನಸುಕಿನಲ್ಲಿ ರಸ್ತೆಗೆ ಹೊರಟ ಹುಡುಗಿಗೆ ಊರಿನ ಕಣ್ಣು, ಮನೆಯ ಬಾಯಿ ಎರಡೂ ಅಡ್ಡ. ಅದೇ ಹುಡುಗಿ ಸೈಕಲ್ ಮೇಲೆ ಐದು ಕಿ.ಮೀ. ದೂರದ ಹೈಸ್ಕೂಲಿಗೆ ಹೋದರೆ ಯಾರೂ ಕೇಳುತ್ತಿರಲಿಲ್ಲ. ಹೋಗಿ ಬಂದು ದಿನಕ್ಕೆ ಹತ್ತು ಕಿ.ಮೀ., ಮೂರು ವರ್ಷ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಅಪ್ಪ ಅಮ್ಮ ಅಡ್ಡಿ ಹೇಳದೆ ಬಿಟ್ಟಿದ್ದ ಒಂದೇ ವ್ಯಾಯಾಮ ಅದು. ಸೈಕಲ್ ನಿಲ್ಲಿಸಿದವರು ಆ ವ್ಯಾಯಾಮವನ್ನೂ ನಿಲ್ಲಿಸಿದರು. ಯೋಜನೆ ಮತ್ತೆ ಶುರು ಮಾಡಿ ಎಂದು ನಮ್ಮ ಗ್ರಾಮಸಭೆಗಳಲ್ಲಿ ಯಾರಾದರೂ ಕೇಳಿದ್ದೀರಾ? ಚರಂಡಿ, ಬೀದಿದೀಪ ಕೇಳುತ್ತೀರಿ. ಇದನ್ನೂ ಕೇಳಿ, ನಡವಳಿಯಲ್ಲಿ ಬರೆಸಿ.

ಇನ್ನು ಈಜು. ಇಲ್ಲಿ ನಾನು ಟ್ರಯಥ್ಲಾನ್ ಅಭಿಮಾನಿಗಳ ಜೊತೆ ಜಗಳಕ್ಕೇ ನಿಲ್ಲುತ್ತೇನೆ. ಓಟದ ತಯಾರಿಗೆಂದು ಕೆರೆಗೆ ಇಳಿಯಬೇಡಿ. ಈಜಿನಿಂದ ಓಟಕ್ಕೆ ಸಿಗುವ ಲಾಭ ಸೈಕಲ್‌ಗಿಂತ ಕಡಿಮೆ, ಅಪಾಯ ನೂರು ಪಟ್ಟು. ನಮ್ಮದು ಬರದ ತಾಲ್ಲೂಕು, ಎರಡು ತಲೆಮಾರು ನೀರೇ ನೋಡದೆ ಬೆಳೆದಿದೆ. ಈಗ ತುಂಗಭದ್ರೆಯಿಂದ 57 ಕೆರೆ ತುಂಬಿಸುವ ಯೋಜನೆ ಬಂದಿದೆ, ಹೊಲಗಳಲ್ಲಿ ಕೃಷಿಹೊಂಡಗಳಿವೆ. ನೀರು ಬಂದಿದೆ, ಈಜು ಬಂದಿಲ್ಲ. ಕೆರೆಯ ತಳದಲ್ಲಿ ಮಣ್ಣು ತೆಗೆದ ಗುಂಡಿ ಎಲ್ಲಿದೆ ಎಂದು ಮೇಲಿನಿಂದ ಕಾಣುವುದಿಲ್ಲ. ಕೃಷಿಹೊಂಡ ಇನ್ನೂ ಮೋಸ. ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿ ಜಾರುತ್ತದೆ. ಬಿದ್ದವನು ದಡದ ಹತ್ತಿರವೇ ಇದ್ದರೂ ಹತ್ತಲು ಹಿಡಿತ ಸಿಗುವುದಿಲ್ಲ, ಎತ್ತಲು ಹೋದವನೂ ಜಾರುತ್ತಾನೆ. "ಈಜಲು ತೆರಳಿದ್ದ ಬಾಲಕರ ಸಾವು" ಎಂಬ ನಾಲ್ಕು ಸಾಲಿನ ಸುದ್ದಿಗೆ ಪ್ರತಿ ಬೇಸಿಗೆ ರಜೆಯಲ್ಲೂ ಜಿಲ್ಲಾ ಪುಟದಲ್ಲಿ ಜಾಗ ಕಾದಿರುತ್ತದೆ. ಅದನ್ನು ಟೈಪ್ ಮಾಡುವ ಕೆಲಸ ನಮ್ಮಂಥವರದ್ದು.

ಹಾಗಾಗಿ ಈಜು ಕಲಿಯಲೇಬೇಕು, ಆದರೆ ಬದುಕುಳಿಯುವುದಕ್ಕೆ. ಪಾವಟಿಗೆ ಇರುವ ಬಾವಿಯಲ್ಲಿ, ಈಜು ಬಲ್ಲ ದೊಡ್ಡವರು ಜೊತೆಗಿದ್ದಾಗ, ನಡುವಿಗೆ ಹಗ್ಗ ಕಟ್ಟಿ, ಹಳೆಯ ಕಾಲದವರು ಕಲಿಸಿದ ಹಾಗೆ. ಕೃಷಿಹೊಂಡ ಇರುವ ರೈತರು ಸುತ್ತ ತಂತಿಬೇಲಿ ಹಾಕಿಸಿ. ಈ ವಾರ ಇನ್ನೊಂದು ಕೆಲಸ ಮಾಡಿ: ದಪ್ಪನೆಯ ಹಗ್ಗಕ್ಕೆ ಮೊಳಕ್ಕೊಂದು ಗಂಟು ಹಾಕಿ, ಒಂದು ತುದಿಯನ್ನು ದಡದ ಗೂಟಕ್ಕೆ ಬಿಗಿದು, ಇನ್ನೊಂದು ತುದಿಯನ್ನು ನೀರೊಳಗೆ ಇಳಿಬಿಡಿ. ಪಕ್ಕದಲ್ಲಿ ಗಾಳಿ ತುಂಬಿದ ಹಳೆಯ ಟ್ರ್ಯಾಕ್ಟರ್ ಟ್ಯೂಬ್ ಒಂದಿರಲಿ.