ಸತ್ತವರೆಂದು ಕರೆದು ಕೊಲ್ಲುವ ಕಥೆಗಳು

ಲೋಕವೆಲ್ಲ ಒಂದು ಮಹಾಮಾರಿಯಿಂದ ಹಾಳಾಗಿದೆ; ಸತ್ತವರು ಎದ್ದು ಬದುಕಿದವರನ್ನು ಕಚ್ಚಿ ತಿನ್ನುತ್ತಿದ್ದಾರೆ; ಅಳಿದುಳಿದ ಕೆಲವರು ಅವರ ತಲೆಗೆ ಗುಂಡಿಕ್ಕುತ್ತ ಮುಂದೆ ಸಾಗುತ್ತಾರೆ. ‘ಜಾಂಬಿ’ ಕಾದಂಬರಿಗಳ ಸಾರವಿಷ್ಟೆ. ಇವು ಕಡೂರು, ತರೀಕೆರೆ, ಅಜ್ಜಂಪುರಗಳ ಶ್ರಾವಕರ ಮನೆ ಸೇರಲು ಇಂದು ಒಂದು ಮೊಬೈಲು ಸಾಕು. ಮಕ್ಕಳಿಗೆ ರಾತ್ರಿಭೋಜನ ತ್ಯಾಗವನ್ನು ಕಲಿಸುವ ತಂದೆತಾಯಿಗಳು, ಅವರು ರಾತ್ರಿ ಏನನ್ನು ಓದುತ್ತಾರೆಂದು ವಿಚಾರಿಸುವುದಿಲ್ಲ. ವಿಚಾರಿಸಿದರೆ ಸಿಗುವ ಸಮಾಧಾನ ಒಂದೇ: ಇದು ಬರಿಯ ಕಥೆ, ಅಲ್ಲಿ ಕೊಲ್ಲಲ್ಪಡುವವರು ಮೊದಲೇ ಸತ್ತವರು.

ಪ್ರಳಯದ ಕಥೆಗೆ ಜೈನರು ಅಂಜಬೇಕಾಗಿಲ್ಲ. ಅವಸರ್ಪಿಣಿಯ ಆರನೆಯ ಕಾಲವಾದ ದುಷ್ಷಮ-ದುಷ್ಷಮದ 21,000 ವರ್ಷಗಳನ್ನು ಆಗಮಗಳು ನಿರ್ದಾಕ್ಷಿಣ್ಯವಾಗಿ ಚಿತ್ರಿಸಿವೆ. ಧರ್ಮವಳಿದು, ಮನುಷ್ಯರು ಪ್ರಾಣಿಗಳಂತಾಗಿ, ಕೊನೆಗೆ 49 ದಿನಗಳ ಘೋರ ವೃಷ್ಟಿಯಲ್ಲಿ ಎಲ್ಲವೂ ನಾಶವಾಗುತ್ತದೆ. ಆದರೆ ಅಲ್ಲಿ ಉಳಿಯುವ 72 ಯುಗಲಗಳು ಕೊಂದು ಉಳಿದವಲ್ಲ. ದೇವ ವಿದ್ಯಾಧರರ ಕರುಣೆಯಿಂದ ಉಳಿದವು. ಜಾಂಬಿ ಕಾದಂಬರಿಯ ಲೋಕದಲ್ಲಿ ಇಲ್ಲದಿರುವುದು ಈ ಕರುಣೆಯೇ.

‘ಮೊದಲೇ ಸತ್ತವರು’ ಎಂಬ ವಾದಕ್ಕೆ ಜನ್ನ 1209ರಲ್ಲಿಯೇ ‘ಯಶೋಧರ ಚರಿತೆ’ಯಲ್ಲಿ ಉತ್ತರ ಕೊಟ್ಟಿದ್ದಾನೆ. ಯಶೋಧರ ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನು, ಅದರಲ್ಲಿ ರಕ್ತವಿರಲಿಲ್ಲ. ಆದರೂ ಕತ್ತಿಯೆತ್ತಿದ ಕೈಯ ಹಿಂದೆ ಕೊಲ್ಲುವ ಸಂಕಲ್ಪವಿತ್ತು. ಆ ಒಂದು ಸಂಕಲ್ಪದಿಂದ ತಾಯಿ ಮಗ ಇಬ್ಬರೂ ಭವಭವಗಳಲ್ಲಿ ಪಶುಪಕ್ಷಿಗಳಾಗಿ ಹುಟ್ಟಿ ಹತರಾದರು. ಕಾಗದದ ಮೇಲಿನ ಜಾಂಬಿ ಹಿಟ್ಟಿನ ಕೋಳಿಯಲ್ಲದೆ ಮತ್ತೇನು?

ಆತ್ಮರಕ್ಷಣೆಗಾಗಿ ಮಾಡುವ ವಿರೋಧೀ ಹಿಂಸೆ ಗೃಹಸ್ಥನಿಗೆ ಅನಿವಾರ್ಯವಲ್ಲವೇ ಎಂದು ಕೇಳಬಹುದು. ಅನಿವಾರ್ಯವಾದದ್ದರಲ್ಲಿ ಹಿಗ್ಗಲು ಏನಿದೆ? ಪುಟಪುಟಕ್ಕೂ ತಲೆಯೊಡೆದು ಓದುಗನನ್ನು ಹರ್ಷಪಡಿಸುವ ಬರಹ ಹಿಂಸಾನಂದವೆಂಬ ರೌದ್ರಧ್ಯಾನವನ್ನೇ ಬೆಳೆಸುತ್ತದೆ. ಸಮಂತಭದ್ರಾಚಾರ್ಯರು ಅನರ್ಥದಂಡದ ಐದು ಬಗೆಗಳಲ್ಲಿ ‘ದುಃಶ್ರುತಿ’ಯನ್ನು ಎಣಿಸಿದ್ದು ಸುಮ್ಮನೆ ಅಲ್ಲ, ಚಿತ್ತವನ್ನು ಕಲುಷಿತಗೊಳಿಸುವ ಕಥೆಗಳನ್ನು ಕೇಳುವುದೂ ಪ್ರಯೋಜನವಿಲ್ಲದ ಪಾಪವೇ.

ಈ ಕಥೆಗಳ ಮೂಲವನ್ನೂ ನೋಡಬೇಕು. ಹೈಟಿ ದ್ವೀಪದ ಗುಲಾಮರ ನಂಬಿಕೆಯಲ್ಲಿ ಜಾಂಬಿಯೆಂದರೆ ಸತ್ತ ಮೇಲೂ ದುಡಿಮೆಯಿಂದ ಬಿಡುಗಡೆಯಿಲ್ಲದ ದೀನ. 1968ರಲ್ಲಿ ಜಾರ್ಜ್ ರೊಮೆರೊ ತೆಗೆದ ಚಲನಚಿತ್ರದಿಂದೀಚೆಗೆ ಆ ದೀನನೇ ನರಭಕ್ಷಕನಾಗಿ ಗುಂಡಿಗೆ ಗುರಿಯಾದ. ಆ ಚಿತ್ರಕ್ಕೆ ಪ್ರೇರಣೆಯಾದ ರಿಚರ್ಡ್ ಮ್ಯಾಥೆಸನ್ನನ 1954ರ ಕಾದಂಬರಿ ಮಾತ್ರ ಸತ್ಯವನ್ನು ಬಲ್ಲದು: ರೋಗಪೀಡಿತರನ್ನು ಕೊಲ್ಲುತ್ತ ಬಂದ ನಾಯಕ, ಅವರ ಕಣ್ಣಿಗೆ ತಾನೇ ಭೂತವೆಂದು ಕೊನೆಯಲ್ಲಿ ಅರಿಯುತ್ತಾನೆ. ಅನೇಕಾಂತ ದೃಷ್ಟಿಯ ಈ ಎಳೆಯನ್ನು ಅನುಕರಿಸಿದವರು ವಿರಳ.

ರೋಗಿಯನ್ನು ಹೆಣವಾಗಿಯೂ ಹೆಣವನ್ನು ಕಸವಾಗಿಯೂ ಕಾಣುವ ದೃಷ್ಟಿ ಪುಸ್ತಕದಲ್ಲಿಯೇ ಉಳಿಯುವುದಿಲ್ಲ. 2020ರಲ್ಲಿ ಬಳ್ಳಾರಿಯಲ್ಲಿ ಕೊರೊನಾದಿಂದ ತೀರಿಕೊಂಡವರ ದೇಹಗಳನ್ನು ಗುಂಡಿಗೆ ಎಸೆದದ್ದನ್ನು ನಾಡೆಲ್ಲ ನೋಡಿತು. ಜಿಲ್ಲಾಡಳಿತ ಕ್ಷಮೆ ಕೋರಿತು. ಅದನ್ನು ಮಾಡಿಸಿದ್ದು ಕಾದಂಬರಿಯಲ್ಲ, ಭಯ. ಆದರೆ ಆ ಭಯವನ್ನೇ ಶೌರ್ಯವೆಂದು ಕೊಂಡಾಡುವುದು ಇಂಥ ಕಾದಂಬರಿ. ಬೀರೂರಿನಲ್ಲಿ ಕವಲೊಡೆಯುವ ರೈಲುಹಾದಿ ಒಂದೆಡೆ ತರೀಕೆರೆಗೂ ಇನ್ನೊಂದೆಡೆ ಅಜ್ಜಂಪುರಕ್ಕೂ ಹೋಗುತ್ತದೆ. ನಾಳೆ ಮತ್ತೊಂದು ಮಾರಿ ಆ ಹಾದಿಯಲ್ಲಿ ಬಂದಿಳಿದರೆ, ಈ ಊರುಗಳ ತರುಣರು ಬಂದವನಿಗೆ ನೀರು ಕೊಡುವರೋ, ಬಾಗಿಲ ಹಿಂದೆ ದೊಣ್ಣೆ ಹಿಡಿದು ನಿಲ್ಲುವರೋ?

ಹೇಗಾದರೂ ಬದುಕಿ ಉಳಿಯುವುದೇ ಪರಮಾರ್ಥವೆಂಬುದು ಈ ಕಥೆಗಳ ಉಪದೇಶ. ಕಡೂರಿನ ಶಾಸನ ಬೇರೆಯದನ್ನು ಹೇಳುತ್ತದೆ. ಗಂಗದೊರೆ ಬೂತುಗನ ಅಕ್ಕ ಪಾಂಬಬ್ಬೆ ಕೇಶಲೋಚ ಮಾಡಿಕೊಂಡು, ಮೂವತ್ತು ವರ್ಷ ತಪಸ್ಸು ಮಾಡಿ, ಪಂಚವ್ರತಗಳನ್ನು ಪಾಲಿಸಿ 971ರಲ್ಲಿ ಮುಡಿಪಿದಳು. ಯಾವುದನ್ನು ಬಿಟ್ಟು ಬದುಕಬಾರದು ಎಂಬುದನ್ನು ಅವಳು ಅರಿತಿದ್ದಳು. ಮಕ್ಕಳ ಕೈಯಿಂದ ಒಂದು ಪುಸ್ತಕವನ್ನು ಕಿತ್ತುಕೊಂಡ ಮಾತ್ರಕ್ಕೆ ಹಿರಿಯರ ಕರ್ತವ್ಯ ಮುಗಿಯದು. ಜನ್ನನ ಕಾವ್ಯವನ್ನೂ ಪಾಂಬಬ್ಬೆಯ ಕಥೆಯನ್ನೂ ಅವರಿಗೆ ಹೇಳಬೇಕು.