ಚಿನ್ನದ ಗಣಿ ಮುಗಿಯುವ ಮೊದಲು

ಮಕ್ಕಳು ಕಂಪ್ಯೂಟರ್ ಆಟ ಆಡುತ್ತಾ ಹಾಳಾಗುತ್ತಿದ್ದಾರೆ ಎಂಬ ದೂರು ನಮ್ಮ ಬ್ಯಾರಿ ಮನೆಗಳಲ್ಲಿ ಈಗ ಸಾಮಾನ್ಯ. ಹೊತ್ತುಗೊತ್ತಿಲ್ಲದೆ ಆಡುವುದನ್ನು ನಾನೂ ಒಪ್ಪುವುದಿಲ್ಲ. ಆದರೆ 1999ರಲ್ಲಿ ಬಂದು ಇಂದಿಗೂ ಜನ ಆಡುತ್ತಿರುವ 'ಏಜ್ ಆಫ್ ಎಂಪೈರ್ಸ್ 2' ಎಂಬ ಆಟವನ್ನು ಉಮ್ಮ, ಬಾಪಂದಿರು ಒಮ್ಮೆ ಪಕ್ಕದಲ್ಲಿ ಕುಳಿತು ನೋಡಬೇಕು. ಅಂಗಡಿಯವನ ಮಗನಾದ ನನಗೆ ಅದರಲ್ಲಿ ಯುದ್ಧಕ್ಕಿಂತ ಹೆಚ್ಚಾಗಿ ಅಂಗಡಿಯ ಲೆಕ್ಕವೇ ಕಾಣುತ್ತದೆ.

ಆಟದಲ್ಲಿ ಸಂಪತ್ತು ನಾಲ್ಕೇ: ಆಹಾರ, ಮರ, ಚಿನ್ನ, ಕಲ್ಲು. 50 ಆಹಾರ ಕೊಟ್ಟರೆ ಒಬ್ಬ ಕೆಲಸಗಾರ ಸಿಗುತ್ತಾನೆ. ಆರಂಭದಲ್ಲಿ ಕುರಿ, ಜಿಂಕೆ, ಹಣ್ಣಿನ ಪೊದೆ ಹತ್ತಿರದಲ್ಲೇ ಇರುತ್ತವೆ, ಹೋಗಿ ತಂದರಾಯಿತು. ಅವು ಮುಗಿದ ಮೇಲೆ 60 ಮರ ಖರ್ಚು ಮಾಡಿ ಹೊಲ ಮಾಡಬೇಕು. ಹೊಲ ಬರಿದಾದರೆ ಮತ್ತೆ ಮರ ಕೊಟ್ಟು ಬಿತ್ತಬೇಕು. ಚಿನ್ನದ ಒಂದೊಂದು ಗುಡ್ಡೆಯಲ್ಲಿ ಇರುವುದು 800 ಮಾತ್ರ. ಮುಗಿಯಿತು ಎಂದರೆ ಮುಗಿಯಿತು.

ಇದ್ದದ್ದನ್ನು ಹೆಕ್ಕಿ ತರುವುದು ಬೇರೆ, ಉತ್ಪಾದಿಸುವುದು ಬೇರೆ. ಹೆಕ್ಕುವ ಕಾಲದಲ್ಲೇ ಹೊಲಕ್ಕೆ ಮರ ಎತ್ತಿಡದವನು ಸೋಲುತ್ತಾನೆ.

ನಮ್ಮ ಸಮುದಾಯಕ್ಕೆ ಗಲ್ಫ್ ಅಂಥದ್ದೊಂದು ಚಿನ್ನದ ಗುಡ್ಡೆ. ಅದರಿಂದ ಮನೆ ಎದ್ದಿತು, ತಂಗಿಯರ ಮದುವೆಯಾಯಿತು, ಮಕ್ಕಳು ಓದಿದರು. ಅದನ್ನು ಹಗುರವಾಗಿ ಮಾತನಾಡುವ ಹಕ್ಕು ಯಾರಿಗೂ ಇಲ್ಲ. ಆದರೆ 2011ರಲ್ಲಿ ಸೌದಿಯಲ್ಲಿ ನಿತಾಕತ್ ಬಂದಾಗ ಆ ಗುಡ್ಡೆ ನಮ್ಮದಲ್ಲ ಎಂಬುದು ಎಲ್ಲರಿಗೂ ಗೊತ್ತಾಯಿತು. ಬಂದ ಹಣವೆಲ್ಲ ಮಾರ್ಬಲ್ಲು, ಕಾಂಪೌಂಡ್ ಗೋಡೆಯಾದರೆ ಬಿತ್ತಲು ಉಳಿಯುವುದೇನು?

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ನಾನೀಗ ಇರುವುದು ಧರ್ಮಪುರಿಯಲ್ಲಿ. 1965ರವರೆಗೆ ಇದು ಸೇಲಂ ಜಿಲ್ಲೆಯ ಭಾಗ. ಸೇಲಂ ಸೀಮೆ ಕಬ್ಬಿಣದ ಅದಿರಿಗೆ, ಹಳೆಯ ಕಾಲದ ಉಕ್ಕಿಗೆ ಹೆಸರಾದದ್ದು. ಆ ಉಕ್ಕನ್ನು ಇಂಗ್ಲಿಷರು 'ವೂಟ್ಜ್' ಎಂದರು. ನಮ್ಮ 'ಉಕ್ಕು' ಪದವೇ ಹಾಗಾಯಿತು ಎನ್ನುವವರು ಹಲವರು. 2022ರಲ್ಲಿ ಈ ಆಟಕ್ಕೆ ಸೇರಿದ ದ್ರಾವಿಡ ಪಡೆಗೂ 'ವೂಟ್ಜ್ ಸ್ಟೀಲ್' ಇದೆ. ಆಹಾರ, ಚಿನ್ನ ಕೊಟ್ಟರೆ ಸಾಕು, ಸಿಗುತ್ತದೆ.

ನಿಜದಲ್ಲಿ ಅಷ್ಟು ಸುಲಭವಿರಲಿಲ್ಲ. 1830ರಲ್ಲಿ ಜೋಸಯ್ಯ ಮಾರ್ಷಲ್ ಹೀತ್ ಎಂಬ ಇಂಗ್ಲಿಷನು ಸೇಲಂ ಅದಿರನ್ನು ನಂಬಿ ಪೋರ್ಟೊ ನೋವೊದಲ್ಲಿ, ಅಂದರೆ ಪರಂಗಿಪೇಟೆಯಲ್ಲಿ, ಕಬ್ಬಿಣದ ಕಾರ್ಖಾನೆ ತೆರೆದ. ಅದಿರು ಧಾರಾಳವಾಗಿತ್ತು. ಆದರೆ ಕುಲುಮೆಗೆ ಬೇಕಾದ ಇದ್ದಿಲು ಕಾಡಿನಿಂದ ಬರಬೇಕಿತ್ತು. ಕಡಿದಷ್ಟು ಬೇಗ ಕಾಡು ಬೆಳೆಯುವುದಿಲ್ಲ. ಇದ್ದಿಲಿನ ಕೊರತೆ, ಹಣದ ತೊಂದರೆ ಎರಡೂ ಸೇರಿ, ಆ ಶತಮಾನ ಮುಗಿಯುವ ಮೊದಲೇ ಉದ್ಯಮ ನಿಂತುಹೋಯಿತು. ಗುಡ್ಡದಲ್ಲಿ ಅದಿರು ಹಾಗೆಯೇ ಉಳಿಯಿತು. ಆಟದಲ್ಲೂ ಕಡಿದ ಮರ ಮತ್ತೆ ಚಿಗುರುವುದಿಲ್ಲ.

ಆಟದಲ್ಲಿ ಗಣಿಗಳೆಲ್ಲ ಬರಿದಾದ ಮೇಲೂ ಚಿನ್ನ ತರುವ ಒಂದು ದಾರಿ ಇದೆ: ವ್ಯಾಪಾರದ ಗಾಡಿ. ದೂರದ ಮಾರುಕಟ್ಟೆಗೆ ಹೋದಷ್ಟೂ ಲಾಭ ಹೆಚ್ಚು. 'ಬ್ಯಾರ' ಎಂದರೆ ವ್ಯಾಪಾರ, ಅದರಿಂದಲೇ ಬ್ಯಾರಿ ಎಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ನಮಗೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಆದರೆ ಗಾಡಿಯನ್ನೂ ಮೊದಲೇ ಮಾಡಿಟ್ಟಿರಬೇಕು. ಅದಕ್ಕೂ ಮರ, ಚಿನ್ನ ಬೇಕು.

ಆದ್ದರಿಂದ ಗಲ್ಫ್‌ನಿಂದ ಬರುವ ಪ್ರತಿ ಸಂಬಳದಲ್ಲಿ ಒಂದು ಪಾಲನ್ನು ಬೀಜಕ್ಕೆಂದು ಎತ್ತಿಡಿ ಎಂಬುದು ನನ್ನ ವಿನಂತಿ. ಅದು ಲೇತ್ ಯಂತ್ರವಾಗಬಹುದು, ಬೇಕರಿಯಾಗಬಹುದು, ಮಗಳ ಓದಾಗಬಹುದು. ಮನೆಯ ಎರಡನೇ ಮಹಡಿ ಎರಡು ವರ್ಷ ತಡವಾದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಮಗ ಆಟ ಆಡುತ್ತಿದ್ದರೆ ಬೈಯುವ ಮೊದಲು ಒಂದು ಮಾತು ಕೇಳಿ: 'ನಿನ್ನ ಚಿನ್ನ ಮುಗಿದ ಮೇಲೆ ಏನು ಮಾಡುತ್ತೀ?' ಉತ್ತರ ಅವನಿಗೆ ಗೊತ್ತಿರುತ್ತದೆ. ಅದೇ ಪ್ರಶ್ನೆಯನ್ನು ಅವನು ನಮಗೆ ಕೇಳಿದರೆ ಹೇಳಲು ನಮ್ಮಲ್ಲೂ ಒಂದು ಉತ್ತರ ಇರಲಿ.