ಅಕ್ಷರದ ಪಟ್ಟಿಗೊಂದು ಕಾರಣವಿರಲಿ

ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಬೋಧಿಸುವ ಕ್ರಮವು 2007ರಲ್ಲಿ ಮೊದಲಾದಂದಿನಿಂದ, ಹಾಸನ ಸೀಮೆಯ ಹಳ್ಳಿಗಳಲ್ಲಿಯೂ ಮಕ್ಕಳ ಕೈಗೆ ಒಂದು ಬಗೆಯ ಶಬ್ದಪಟ್ಟಿ ಬರುವುದು ವಾಡಿಕೆಯಾಗಿದೆ. ಇಂಥ ಅಕ್ಷರದಿಂದ ತೊಡಗುವ ಐದಕ್ಷರದ ಶಬ್ದಗಳು, ಇಂಥ ಅಕ್ಷರಗಳಲ್ಲಿ ಮುಗಿಯುವ ನಾಲ್ಕಕ್ಷರದ ಶಬ್ದಗಳು ಎಂದು ವಿಂಗಡಿಸಿ, ಒಂದೊಂದರ ಎದುರಿಗೂ ಒಂದೊಂದೇ ಕನ್ನಡ ಅರ್ಥವನ್ನು ಬರೆದ ಪಟ್ಟಿಯದು. ಇದನ್ನು ಬರಿಯ ಗಿಳಿಪಾಠವೆಂದು ಅಲ್ಲಗಳೆಯುವ ವಿದ್ವಾಂಸರ ಮಾತಿಗೆ ನಾನು ಪೂರ್ತಿಯಾಗಿ ಸಮ್ಮತಿಸಲಾರೆ. ಏಕೆಂದರೆ ಶಬ್ದಗಳನ್ನು ಅಕ್ಷರಸಾಮ್ಯದಿಂದ ಗುಂಪುಗೂಡಿಸುವ ಕೆಲಸವನ್ನು ನಮ್ಮ ಪರಮಶ್ರೇಷ್ಠ ವೈಯಾಕರಣನೇ ಮಾಡಿರುವನು. ಆದರೆ ಅವನ ಪಟ್ಟಿಗೊಂದು ಕಾರಣವಿತ್ತು.

ವೀರಬಲ್ಲಾಳನ ಪಟ್ಟಾಭಿಷೇಕವಾದ 1173ರಲ್ಲಿ ಬೂಚಿರಾಜನು ನಮ್ಮ ಕೊರವಂಗಲದಲ್ಲಿ ಬೂಚೇಶ್ವರ ದೇವಾಲಯವನ್ನು ಕಟ್ಟಿಸಿದ ಕಾಲಕ್ಕೆ ಕನ್ನಡ ಲಿಪಿಯಲ್ಲಿ ಶಕಟರೇಫೆಯೆಂಬ ಱಕಾರವೂ ರಳವೆಂಬ ೞಕಾರವೂ ಇದ್ದವು; ಆಡುವವರ ನಾಲಗೆಯಲ್ಲಿ ಮಾತ್ರ ೞಕಾರವು ಅದಾಗಲೇ ತನ್ನ ಪ್ರತ್ಯೇಕತೆಯನ್ನು ನೀಗಿಕೊಳ್ಳುತ್ತಲಿತ್ತು. ಬಾೞ್ ಎಂದರೆ ಜೀವಿಸು, ಬಾಳ್ ಎಂದರೆ ಖಡ್ಗ. ಆೞ್ ಎಂದರೆ ಮುಳುಗು, ಆಳ್ ಎಂದರೆ ರಾಜ್ಯವನ್ನಾಳು. ಅೞಿ ಎಂದರೆ ನಾಶವಾಗು, ಅಳಿ ಎಂದರೆ ದುಂಬಿ. ದ್ವಿತೀಯಾಕ್ಷರ ಪ್ರಾಸವನ್ನು ಪಾಲಿಸಲೇಬೇಕಾದ ಕವಿಗೆ ಈ ಭೇದವು ಪ್ರಾಣಪ್ರಾಯವಾದುದು. ಆದರೆ ಕಿವಿಯು ಅದನ್ನು ಹೇಳಿಕೊಡದಂತಾದಾಗ ಅವನು ಯಾರನ್ನು ಕೇಳಬೇಕು? ಜನ್ನನ ಸೋದರಳಿಯನೂ ಸೂಕ್ತಿಸುಧಾರ್ಣವದ ಸಂಕಲನಕಾರ ಮಲ್ಲಿಕಾರ್ಜುನನ ಮಗನೂ ಆದ ಕೇಶಿರಾಜನು, ಸುಮಾರು 1260ರಲ್ಲಿ ರಚಿಸಿದ ಶಬ್ದಮಣಿದರ್ಪಣದಲ್ಲಿ ರಳವುಳ್ಳ ಶಬ್ದಗಳನ್ನು ಎಣಿಸಿ ಕೊಟ್ಟದ್ದು ಈ ಸಂಕಟಕ್ಕಾಗಿ. ಆ ಪಟ್ಟಿಯ ಬೆಲೆ ಅಂದಿಗೇ ತೀರಲಿಲ್ಲ. 1872ರಲ್ಲಿ ಅದೇ ಗ್ರಂಥವನ್ನು ಸಂಪಾದಿಸಿದ ಕಿಟ್ಟೆಲ್ ಮಹಾಶಯರು, 1894ರಲ್ಲಿ ಪ್ರಕಟವಾದ ತಮ್ಮ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಹಳಗನ್ನಡ ಶಬ್ದಗಳ ರೂಪವನ್ನು ನಿಶ್ಚಯಿಸುವಾಗ ಮತ್ತೆ ಮತ್ತೆ ಕೇಶಿರಾಜನನ್ನೇ ಸಾಕ್ಷಿಗೆ ಕರೆದಿದ್ದಾರೆ.

ಇಂಗ್ಲಿಷಿನ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಐ, ಜಿ, ಎಚ್, ಟಿ ಎಂದು ಮುಗಿಯುವ ಐದಕ್ಷರದ ಶಬ್ದಗಳನ್ನು ನೋಡಿರಿ: ಲೈಟ್, ನೈಟ್, ರೈಟ್, ಸೈಟ್, ಮೈಟ್, ಫೈಟ್, ಟೈಟ್. ಇವುಗಳ ನಡುವಿನ ಜಿ–ಎಚ್ ಒಂದು ಕಾಲದಲ್ಲಿ ಗಂಟಲಿನಿಂದ ಹೊರಡುವ ನಿಜವಾದ ಧ್ವನಿಯಾಗಿದ್ದಿತು. ರಾತ್ರಿಯನ್ನು ನಾಖ್ಟ್ ಎನ್ನುವ ಜರ್ಮನರ ಬಾಯಲ್ಲಿ ಅದರ ಒಡಹುಟ್ಟು ಇಂದಿಗೂ ಉಳಿದಿದೆ. ಕ್ಯಾಕ್ಸ್‌ಟನ್ನನು 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯವನ್ನು ತೆರೆದ ಮೇಲೆ ಬರಹವು ಕ್ರಮೇಣ ಸ್ಥಿರವಾಯಿತು, ನಾಲಗೆಯು ಮುಂದಕ್ಕೆ ನಡೆಯಿತು. ನಾವು ಕಾಲಾನುಕ್ರಮದಲ್ಲಿ ರಳವನ್ನೂ ಶಕಟರೇಫೆಯನ್ನೂ ಲಿಪಿಯಿಂದಲೇ ಬಿಟ್ಟುಕೊಟ್ಟೆವು. ಇಂಗ್ಲಿಷರು ಧ್ವನಿಯನ್ನು ಬಿಟ್ಟು ಅಕ್ಷರವನ್ನು ಉಳಿಸಿಕೊಂಡರು. ಆದಕಾರಣ ನಮ್ಮೂರಿನ ಮಗುವಿಗೆ ನಿವೇಶನವೆಂಬ ಸೈಟೂ ದೃಷ್ಟಿಯೆಂಬ ಸೈಟೂ, ಬರೆಯುವ ರೈಟೂ ಬಲಗಡೆಯ ರೈಟೂ, ಇರುಳಿನ ನೈಟೂ ಕುದುರೆಯೇರಿದ ವೀರನಾದ ನೈಟೂ ಕಿವಿಗೆ ಒಂದೇ ಆಗಿ ಕೇಳುತ್ತವೆ. ಬಾೞ್–ಬಾಳ್‌ಗಳ ಮುಂದೆ ನಿಂತ ಕವಿಯ ಕಷ್ಟವೇ ಇದು. ಇಂಥ ಕಡೆ ಪಟ್ಟಿಯು ಅವಶ್ಯವಾಗಿ ಬೇಕು.

ಆದರೆ ಕೇವಲ ಅಕ್ಷರಸಂಖ್ಯೆಯನ್ನು ಹಿಡಿದು ಕೂಡಿಹಾಕಿದ ಪಟ್ಟಿಯಿಂದ ಆ ಮಗುವಿಗೆ ಏನು ತಿಳಿದೀತು? ಶಬ್ದದ ಉದ್ದವನ್ನು ನಾವು ಮಾತ್ರೆಗಳಿಂದ ಅಳೆದವರು: ಲಘುವಿಗೆ ಒಂದು, ಗುರುವಿಗೆ ಎರಡು. ಇಂಗ್ಲಿಷಿನಲ್ಲಿ ಶಕ್ತಿ ಎಂಬ ಅರ್ಥದ ಸ್ಟ್ರೆಂಗ್ತ್ ಎಂಟಕ್ಷರದ್ದು, ಸ್ವರಧ್ವನಿ ಒಂದೇ. ಐಡಿಯಾ ನಾಲ್ಕೇ ಅಕ್ಷರದ್ದು, ಸ್ವರಧ್ವನಿಗಳು ಮೂರು. ಅಕ್ಷರಸಂಖ್ಯೆಯು ಉಚ್ಚಾರವನ್ನೂ ತಿಳಿಸದು, ಅರ್ಥವನ್ನೂ ತಿಳಿಸದು. ಶಬ್ದಕ್ಕೆ ಒಂದೇ ಅರ್ಥವೆಂಬ ನಿಯಮವಂತೂ ಇನ್ನೂ ಹಾನಿಕರ: ರೈಟ್ ಎಂಬುದರ ಎದುರಿಗೆ ಬಲಗಡೆ ಎಂದಷ್ಟೇ ಕಲಿತವನು, ಅದೇ ಶಬ್ದವು ಸರಿಯಾದುದು ಎಂದೂ ಹಕ್ಕು ಎಂದೂ ಬಂದ ವಾಕ್ಯದೆದುರು ನಿರುಪಾಯನಾಗಿ ನಿಲ್ಲುವನು. ಕೇಶಿರಾಜನಾದರೋ ಸೂತ್ರಕ್ಕೆ ವೃತ್ತಿಯನ್ನೂ, ವೃತ್ತಿಗೆ ಪೂರ್ವಕವಿಗಳ ಪ್ರಯೋಗವನ್ನೂ ಸೇರಿಸದೆ ಮುಂದುವರಿದವನಲ್ಲ.

ಆದ್ದರಿಂದ ನಮ್ಮ ಜಿಲ್ಲೆಯ ಅಧ್ಯಾಪಕರು ಕೂಡಿ, ಸಿದ್ಧಪಟ್ಟಿಗಳನ್ನು ಬದಿಗಿರಿಸಿ, ತಾವೇ ಒಂದು ಕೈಪಿಡಿಯನ್ನು ರಚಿಸಬೇಕೆಂದು ನಾನು ಮನಃಪೂರ್ವಕವಾಗಿ ಕೇಳಿಕೊಳ್ಳುತ್ತೇನೆ. ಕಿವಿಯು ಮೋಸಹೋಗುವ ಎಡೆಗಳಿಗೆ ಮಾತ್ರ ಅದರಲ್ಲಿ ಪಟ್ಟಿಯಿರಲಿ. ಪ್ರತಿಯೊಂದು ಪಟ್ಟಿಯ ತಲೆಯಲ್ಲಿ ಅದರ ಕಾರಣವೂ, ಪ್ರತಿಯೊಂದು ಶಬ್ದದ ಕೆಳಗೆ ಮಗುವಿನ ಬದುಕಿಗೆ ಹತ್ತಿರವಾದ ಎರಡು ವಾಕ್ಯಗಳೂ ಇರಲಿ. ಐ–ಜಿ–ಎಚ್–ಟಿಯ ಏಳು ಶಬ್ದಗಳಿಗೆ ಮೊದಲ ಪುಟವನ್ನು ಕೊಡಬಹುದು. ಮುಂದಿನ ಪುಟಕ್ಕೆ ನೈಫ್, ನೀ, ನಾಕ್ ಮುಂತಾಗಿ, ಹಿಂದೆ ಉಚ್ಚರಿಸಲ್ಪಡುತ್ತಿದ್ದು ಈಗ ಮೂಕವಾಗಿರುವ ಕೆ ಅಕ್ಷರದ ಶಬ್ದಗಳು ಬರಲಿ. ಅದರಾಚೆಗೆ, ಸಾಲವೆಂಬ ಅರ್ಥದ ಡೆಟ್ ಶಬ್ದವು ಬರಲಿ, ಅದರ ನಡುವಿನ ಬಿ ಅಕ್ಷರವು ಇಂಗ್ಲಿಷರ ನಾಲಗೆಯಲ್ಲಿ ಎಂದೂ ನುಡಿದುದಲ್ಲ, ಲ್ಯಾಟಿನ್ ಮೂಲವನ್ನು ತೋರಿಸುವುದಕ್ಕಾಗಿ ಪಂಡಿತರು ಬರಹದಲ್ಲಿ ಸೇರಿಸಿದುದು ಎಂಬ ವಿವರಣೆಯೊಡನೆ.